ವಿಮಾನದ ಹೊಟ್ಟೆಯ ಬಾಗಿಲು

ನಮ್ಮ ಭಾವನವರದು ಇಪ್ಪತ್ತೆರಡು ವರ್ಷವೂ ಒಂದೇ ಕೆಲಸ. ವಿಮಾನದ ಹೊಟ್ಟೆಯೊಳಗೆ ಮಂಡಿಯೂರಿ ಪ್ರಯಾಣಿಕರ ಪೆಟ್ಟಿಗೆ ಜೋಡಿಸುವುದು. ಅಲ್ಲಿ ನಿಲ್ಲುವಷ್ಟು ಎತ್ತರವಿಲ್ಲ, ಮಂಡಿ ಎರಡೂ ದಡ್ಡುಗಟ್ಟಿವೆ. ನನ್ನನ್ನು ಈ ಕೆಲಸಕ್ಕೆ ಸೇರಿಸಿದ್ದೂ ಅವರೇ.

ಅವರದೊಂದು ಹಠ. ಬಾಗಿಲು ಹಾಕುವ ಮುನ್ನ ಪೆಟ್ಟಿಗೆಗಳ ಮೇಲೆ ತೆವಳಿ, ಕೊನೆಯ ಗೋಡೆ ಮುಟ್ಟಿ ಬರಲೇಬೇಕು. ಹಿಂದೊಮ್ಮೆ ಯಾರೋ ದಣಿದವನು ಒಳಗೇ ನಿದ್ದೆಹೋಗಿ ಸಿಕ್ಕಿಕೊಂಡಿದ್ದನಂತೆ. 'ಗೋಡೆ ಸಾಹೇಬರು' ಎಂದು ನಾವು ಆಡಿಕೊಳ್ಳುತ್ತಿದ್ದೆವು.

ವಿಮಾನ ಕಂಪನಿ ನಮ್ಮ ಕೆಲಸವನ್ನೆಲ್ಲ ಹೊರಗಿನವರಿಗೆ ಗುತ್ತಿಗೆ ಕೊಟ್ಟಿತು. ಎಂಬತ್ತು ಜನರಲ್ಲಿ ಮೂವತ್ತು ಮಂದಿ ಸಾಕಂತೆ. ಅದಕ್ಕೊಂದು ಪರೀಕ್ಷೆ, ಗಡಿಯಾರ ಹಿಡಿದು: ಇಷ್ಟೇ ನಿಮಿಷದಲ್ಲಿ ಪೆಟ್ಟಿಗೆ ತುಂಬಿ ಬಾಗಿಲು ಹಾಕಬೇಕು. ಮೀನಿಗೆ ಈಜು ಕಲಿಸಲು ಹೊರಟ ಮಹಾನುಭಾವರು. ಭಾವನವರಿಗೆ ಐವತ್ತೊಂದು. ಇದು ಹೋದರೆ ಆ ಮಂಡಿಗಳಿಗೆ ಬೇರೆ ಕೆಲಸ ಸಿಗುವುದಿಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಕ್ಕ ನನ್ನ ಕೈ ಹಿಡಿದುಕೊಂಡಳು. "ಅವತ್ತೊಂದು ದಿನ ಆ ಗೋಡೆ ಮುಟ್ಟೋದು ಬೇಡ ಅಂತ ನೀನಾದ್ರೂ ಹೇಳೋ. ಎರಡು ನಿಮಿಷ ಅದಕ್ಕೇ ಹೋಗುತ್ತೆ."

ಹೇಳಿದೆ. "ಆಯ್ತಪ್ಪ, ಮುಟ್ಟಲ್ಲ" ಎಂದರು ಭಾವ.

ಪರೀಕ್ಷೆಯ ದಿನ ಅವರು ಒಳಗೆ, ನಾನು ಬಾಗಿಲಲ್ಲಿ. ಹೊಸ ಕಂಪನಿಯ ಮ್ಯಾನೇಜರ್ ರೆಕ್ಕೆಯ ನೆರಳಲ್ಲಿ ನಿಂತಿದ್ದ. ಕೊನೆಯ ಪೆಟ್ಟಿಗೆ ಒಳಗೆ ಹೋದಾಗ "ಇನ್ನೊಂದೇ ನಿಮಿಷ" ಎಂದ. ಪೆಟ್ಟಿಗೆ ಮೇಲೇರಿಸುವ ಬೆಲ್ಟ್ ಗಾಡಿಯವನಿಗೆ ಮುಗಿಯಿತೆಂದು ನಾನು ಕೈಸನ್ನೆ ಮಾಡಿ ತಿರುಗಿದರೆ ಬಾಗಿಲಲ್ಲಿ ಭಾವ ಕಾಣಲಿಲ್ಲ. ಇಳಿದಿರಬೇಕು ಎಂದುಕೊಂಡೆ. ಮುಟ್ಟಲ್ಲ ಎಂದು ಮಾತು ಕೊಟ್ಟಿದ್ದರಲ್ಲ. ಬಾಗಿಲು ಎಳೆದು ಹಿಡಿಕೆ ತಿರುಗಿಸಿದೆ.

ಒಳಗಿನಿಂದ ಬಡಿಯುವ ಸದ್ದು ಕೇಳಿತು.

ತೆರೆದಾಗ ಭಾವ ಬೆವರಿನಲ್ಲಿ ತೊಯ್ದುಹೋಗಿದ್ದರು. "ಅಭ್ಯಾಸ ಕಣೋ. ಹೋಗಿದ್ದು ನನಗೇ ಗೊತ್ತಾಗ್ಲಿಲ್ಲ" ಎಂದರು.

"ಬಾಗಿಲು ಹಾಕುವ ಹೊತ್ತಿಗೆ ಒಳಗಿದ್ದವನು, ಅಪಾಯಕಾರಿ" ಎಂದು ಮ್ಯಾನೇಜರ್ ಭಾವನವರ ಹೆಸರು ಹೊಡೆದುಹಾಕಿದ. ನನ್ನ ಹೆಸರಿನ ಮುಂದೆ, ಸಮಯಕ್ಕೆ ಮುಗಿಸಿದ್ದಾನೆ ಎಂದು ಬರೆದ. ತಪ್ಪು ನನ್ನದು ಸಾರ್ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಮನೆಯಲ್ಲಿ ಅಕ್ಕ ಅತ್ತು ಅತ್ತು ಸುಸ್ತಾಗಿ ಕೇಳಿದಳು, "ಒಳಗೆ ಜನ ಇದಾರಾ ಅಂತ ನೋಡ್ದೆ ಬಾಗಿಲು ಹಾಕಿದ ಆ ಪಾಪಿ ಯಾರು?"

"ಯಾರೋ ಹೊಸಬ" ಎಂದರು ಭಾವ. ನನ್ನ ಕಡೆ ನೋಡಲಿಲ್ಲ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ತಲೆ ಸವರಿದಳು. "ಹೋಗ್ಲಿ ಬಿಡು, ನೀನಾದ್ರೂ ಉಳ್ಕೊಂಡ್ಯಲ್ಲ."