ಅಪ್ಪನ ಆಯುಸ್ಸು, ಮಗನ ಕುರ್ಚಿ

ಡನ್‌ಮಿಯರಿನ ಮುದಿ ಲಾರ್ಡ್ ಸಾಹೇಬರು ಒಮ್ಮೆ ಸೀನಿದರೆ ಸಾಕು, ಲಂಡನ್ನಿನಲ್ಲಿ ಕೂತ ಮಗ ಲಯನೆಲ್‌ಗೆ ಜ್ವರ ಬರುತ್ತಿತ್ತು. ಲಯನೆಲ್ ಕಾಮನ್ಸ್ ಸಭೆಯ ಸದಸ್ಯ. ಗಿರಣಿ ಊರೊಂದರ ಜನ ಓಟು ಹಾಕಿ ಕಳಿಸಿದವನು. ಆ ಕಾಲದ ಕಾನೂನೋ, ಅಪ್ಪ ಕಣ್ಣು ಮುಚ್ಚಿದ ಗಳಿಗೆಯಲ್ಲೇ ಮಗ ಲಾರ್ಡ್, ಬೇಡವೆಂದರೂ ಬಿಡುವಂತಿಲ್ಲ. ಲಾರ್ಡ್ ಆದವನಿಗೆ ಕಾಮನ್ಸಿನಲ್ಲಿ ಜಾಗವಿಲ್ಲ, ಲಾರ್ಡ್ಸ್ ಸಭೆಗೆ ಹೋಗಿ ಮುದುಕರ ನಡುವೆ ತೂಕಡಿಸಬೇಕು. ಗಿರಣಿಯವರ ಮನೆಗಳಿಗೆ ನಲ್ಲಿ ನೀರು ಕೊಡಿಸುವ ತನ್ನ ಮಸೂದೆ ಪಾಸಾಗುವವರೆಗಾದರೂ ಅಪ್ಪ ಬದುಕಿರಲಿ ಎಂಬುದೇ ಅವನ ಹಂಬಲ.

ಶುಕ್ರವಾರ ಬಂತೆಂದರೆ ಉಣ್ಣೆ ಅಂಗಿ, ಮೀನೆಣ್ಣೆ ಹೊತ್ತು ರೈಲು ಹತ್ತುತ್ತಿದ್ದ. ಎಂಥ ಪಿತೃಭಕ್ತ ಎಂದು ಪಾದ್ರಿಗಳು ಪ್ರವಚನದಲ್ಲೇ ಹೊಗಳಿದರು. ಅಪ್ಪನೋ ಎಂಬತ್ತು ದಾಟಿದರೂ ಕುದುರೆ ಏರಿ ನರಿ ಅಟ್ಟುವ ಆಸಾಮಿ.

“ಪಪ್ಪಾ, ಮಳೇಲಿ ಕುದುರೆ ಹತ್ಬೇಡಿ, ದಮ್ಮಯ್ಯ.”

“ಯಾಕೋ? ನಾನು ಬಿದ್ರೆ ನಿನ್ನ ಕುರ್ಚಿ ಮುರಿಯುತ್ತೆ ಅಂತಲಾ?”

“ಹಾಗಲ್ಲ ಪಪ್ಪಾ...”

“ಹಾಗೇ ಕಣೋ! ನಮ್ಮಪ್ಪ ಯಾವಾಗ ಹೋಗ್ತಾನೋ ಅಂತ ನಾನು ಕಾದಿದ್ದೆ. ನೀನು ಇರ್ಲಿ ಅಂತ ಕಾಯ್ತಿದ್ದೀಯ. ವಂಶ ಸುಧಾರಿಸ್ತು ಬಿಡು! ಟಾಲಿವರ್, ಕುದುರೆ ತರಿಸಪ್ಪ.”

ಹಳೇ ಬಟ್ಲರ್ ಟಾಲಿವರ್ ಮಗನ ಕಿವಿಯಲ್ಲಿ, “ಸುಮ್ನಿರಿ ಚಿಕ್ಕೆಜಮಾನ್ರೇ. ತಡೆದ್ರೆ ಎರಡು ಬೇಲಿ ಜಾಸ್ತಿ ಹಾರಿಸ್ತಾರೆ,” ಎಂದ.

ಕೊನೆಗೂ ಮಸೂದೆ ಸಭೆಗೆ ಬರುವ ದಿನ ಬಂತು. ಲಯನೆಲ್ ಭಾಷಣ ಗುನುಗುತ್ತ ಸಭೆಯ ಬಾಗಿಲಿಗೆ ಬಂದ. ಅಲ್ಲಿ ದಿನವೂ “ಬನ್ನಿ ಸಾರ್” ಎನ್ನುತ್ತಿದ್ದ ಕಾವಲಿನ ಪಿಮ್ ಅಡ್ಡ ನಿಂತು ತಲೆ ಬಾಗಿಸಿದ.

“ನಿಮ್ಮ ಬಾಗಿಲು ಇನ್ಮೇಲೆ ಆ ಕಡೆ... ಮಹಾಪ್ರಭು. ಈಗಷ್ಟೇ ನಿಮ್ಮ ಬಟ್ಲರ್ ಫೋನ್ ಮಾಡಿದ್ರು.”

ಮಹಾಪ್ರಭು! ಲಾರ್ಡುಗಳನ್ನಷ್ಟೇ ಹಾಗೆ ಕರೆಯುವುದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅವನು ಹಲುಬಬೇಕಿತ್ತು, ನ್ಯಾಯವಾಗಿ. ಇಷ್ಟು ವರ್ಷ ಕುರ್ಚಿಗಾಗಿಯೇ ಅಪ್ಪನನ್ನು ಕಾಯುತ್ತಿದ್ದೇನೆಂದು ಅವನೂ ನಂಬಿದ್ದ. ಈಗ ಗಿರಣಿಯಾಗಲಿ ನಲ್ಲಿಯಾಗಲಿ ನೆನಪಿಗೆ ಬರಲಿಲ್ಲ. ಒಳಗೆ ಅವನ ಹೆಸರು ಕೂಗುತ್ತಿದ್ದರು.

“ಪಪ್ಪಾ ಒಬ್ರೇ ಇದ್ರಾ, ಪಿಮ್?” ಎಂದು ಕೇಳಿ, ಬಾಗಿಲ ಬಳಿಯೇ ಕೂತು ಮಗುವಿನಂತೆ ಅತ್ತ.