ಅಪ್ಪ ಮತ್ತೆ ಹಾಡಿದ ರವಿವಾರ

ನಾನಿನ್ನೂ ಚಿಕ್ಕವಳು, ಎರಡನೇ ಇಯತ್ತೆ ಓದುತ್ತಿದ್ದೆ. ಅಪ್ಪ ಜಕ್ಕಲಿಯ ಶಾಲೆಯಲ್ಲಿ ಮಾಸ್ತರನಾಗಿದ್ದ. ಇಡೀ ಊರಿನಲ್ಲಿ ಯೇಸುಸ್ವಾಮಿಯನ್ನು ನಂಬಿದ ಮನೆ ನಮ್ಮದೊಂದೇ. ಹಾಗಾಗಿ ಪ್ರತಿ ರವಿವಾರ ಬೆಳಗಿನ ಬಸ್ಸು ಹತ್ತಿ ನಾವು ರೋಣಕ್ಕೆ ಹೋಗುತ್ತಿದ್ದೆವು. ಅಲ್ಲಿನ ಒಂದು ಓಣಿಯಲ್ಲಿ ಮಣ್ಣಿನ ಮಾಳಿಗೆಯ ಒಂದೇ ಕೋಣೆ ಇತ್ತು. ಅದೇ ನಮ್ಮ ಪ್ರಾರ್ಥನಾ ಮಂದಿರ. ಸುತ್ತಲಿನ ಹಳ್ಳಿಗಳಿಂದ ಬಂದವರೆಲ್ಲ ಸೇರಿದರೂ ಇಪ್ಪತ್ತು ಮಂದಿ ಆಗುತ್ತಿರಲಿಲ್ಲ. ಆದರೆ ಅಪ್ಪ ಗೀತೆ ಎತ್ತಿದನೆಂದರೆ ಆ ಕೋಣೆ ತುಂಬಿ ಓಣಿಯವರೆಗೂ ಕೇಳುತ್ತಿತ್ತು.

ಆ ವರ್ಷದ ಮಳೆಗಾಲದಲ್ಲಿ ನನ್ನ ಪುಟ್ಟ ತಮ್ಮ ಜ್ವರ ಬಂದು ತೀರಿಕೊಂಡ. ಅವನಿಗೆ ಎರಡು ವರ್ಷವೂ ತುಂಬಿರಲಿಲ್ಲ. ಅವನನ್ನು ಮಣ್ಣು ಮಾಡಿ ಬಂದ ದಿನದಿಂದ ಅಪ್ಪ ರೋಣದ ಹೆಸರು ಎತ್ತಲಿಲ್ಲ. ರವಿವಾರ ಬಂದರೆ ನಮ್ಮನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು ಬೈಬಲ್ಲಿನ ಒಂದು ಪುಟ ಓದಿ, ಕಣ್ಣು ಮುಚ್ಚಿ, ಏನೂ ಹೇಳದೆ ಎದ್ದು ಬಿಡುತ್ತಿದ್ದ. ಹಾಡು ನಿಂತೇ ಹೋಯಿತು. ಅವ್ವ ಅಪ್ಪನ ಎದುರಿಗೆ ಅಳುತ್ತಿರಲಿಲ್ಲ, ಅಪ್ಪ ಅವ್ವನ ಎದುರಿಗೆ ಅಳುತ್ತಿರಲಿಲ್ಲ. ಅಕ್ಕ ಮತ್ತು ನಾನು ಅವರಿಬ್ಬರ ಮುಖ ನೋಡುತ್ತ ಸುಮ್ಮನಿರುತ್ತಿದ್ದೆವು. ತಮ್ಮನ ಹೆಸರನ್ನು ಯಾರೂ ಬಾಯಿಗೆ ತರುತ್ತಿರಲಿಲ್ಲ.

ಚಳಿಗಾಲದ ಒಂದು ರವಿವಾರ ಅವ್ವ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದಳು. ಆ ಸಪ್ಪಳಕ್ಕೆ ನನಗೆ ಎಚ್ಚರವಾಯಿತು. ಸುಟ್ಟ ಜೋಳದ ಹಿಟ್ಟಿನ ವಾಸನೆ ಮನೆಯೆಲ್ಲ ಹರಡಿತ್ತು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಯನ್ನು ಬಿಳಿ ವಸ್ತ್ರದಲ್ಲಿ ಕಟ್ಟಿ, ಬುತ್ತಿಯನ್ನು ಬಾಗಿಲ ಹತ್ತಿರ ಇಟ್ಟು ಅವ್ವ ಹೇಳಿದಳು:

“ನಾ ಇವತ್ತ ರೋಣಕ್ಕ ಹೊಂಟೇನ್ರಿ. ಹುಡುಗ್ಯಾರನ್ನೂ ಕರ್ಕೊಂಡು ಹೋಗ್ತೀನಿ.”

“ದೇವರು ಇಲ್ಲೂ ಕೇಳ್ತಾನಲ್ಲ,” ಎಂದ ಅಪ್ಪ.

“ದೇವರು ಕೇಳ್ತಾನ್ರಿ. ನನಗ ಮಂದಿ ಬೇಕಾಗ್ಯಾರ.”

ಅಪ್ಪ ಬಸ್ಸು ಹತ್ತಿಸಿ ಬರುತ್ತೇನೆಂದು ಬುತ್ತಿಯನ್ನು ಎತ್ತಿಕೊಂಡು ನಮ್ಮ ಹಿಂದೆ ಬಂದ. ದಾರಿಯ ಎರಡೂ ಕಡೆ ಕಡಲೆ ಹೊಲಗಳು ಇಬ್ಬನಿಯಲ್ಲಿ ತೊಯ್ದಿದ್ದವು. ನಾನು ಎಲೆಗಳ ಮೇಲೆ ಕೈಯಾಡಿಸಿ ಬೆರಳು ನೆಕ್ಕಿದೆ, ಹುಳಿ ಹುಳಿ! ಬೇರೆ ದಿನವಾಗಿದ್ದರೆ ಅಪ್ಪ ನಗುತ್ತಿದ್ದ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಪ್ಪ ನನ್ನನ್ನು ಎತ್ತಿ ಒಳಗೆ ಬಿಟ್ಟು, ಬುತ್ತಿ ಕೊಡಲು ಮೆಟ್ಟಿಲು ಹತ್ತಿದ. ಕಂಡಕ್ಟರ್ ಕೇಳಿದ, “ಎಷ್ಟ ಮಂದ್ರೀ ಮಾಸ್ತರ?”

ಅಪ್ಪ ಅವ್ವನ ಕಡೆ ನೋಡಿದ. ಯಾರೋ ಬಿಟ್ಟುಕೊಟ್ಟ ಸೀಟಿನಲ್ಲಿ ಕುಳಿತು ಅವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳ ಮಡಿಲು ಖಾಲಿಯಿತ್ತು.

“ಎಲ್ಲಾರೂ ಬರ್ತೀವಿ,” ಎಂದ ಅಪ್ಪ.

ಮಂದಿರದ ಬಾಗಿಲಲ್ಲಿ ಅಪ್ಪನನ್ನು ಕಂಡವರು ಯಾರೂ ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. “ಬರ್ರಿ, ಬರ್ರಿ,” ಎಂದು ಸರಿದು ಜಾಗ ಮಾಡಿದರು. ಕೋಣೆಯೊಳಗೆ ಹೊಸದಾಗಿ ಸಾರಿಸಿದ ನೆಲದ ವಾಸನೆ, ಹಾಸಿದ ಜಮಖಾನೆಯ ವಾಸನೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಅಪ್ಪ ಯಾವಾಗಲೂ ಮುಂದೆ ಕೂಡುವವನು ಅಂದು ಗೋಡೆಗೆ ಒರಗಿ ಕೊನೆಯಲ್ಲಿ ಕುಳಿತ. ಅವನ ಮಗ್ಗುಲಲ್ಲಿ ಯಾವಗಲ್ ಊರಿನ ಒಬ್ಬ ಅಜ್ಜ ಬಂದು ಕುಳಿತ. ಅವನು ಕೂಲಿ ಮಾಡುವ ಮುದುಕ. ಕಂಬಳಿ ಹೊದ್ದೇ ಬರುತ್ತಿದ್ದ. ಕಿವಿ ಸ್ವಲ್ಪ ಮಂದ, ಓದು ಬರಹ ಬಾರದು.

ಆರಾಧನೆ ನಡೆಸುವ ಉಪದೇಶಿಗಳು ಗೀತೆಯ ಸಂಖ್ಯೆ ಹೇಳಿದರು. ಎಲ್ಲರೂ ಎದ್ದು ನಿಂತೆವು. ಹಾಡು ಶುರುವಾಯಿತು, ಆದರೆ ಸೊರಗಿದ ಹಾಡು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಅವ್ವನ ದನಿ ಒಡೆಯಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ನಮ್ಮ ಮನೆಯಲ್ಲಿ ಅಷ್ಟು ತಿಂಗಳು ಕಾಣದ ಅಳು ಅದು. ನನಗೆ ಹೆದರಿಕೆಯಾಯಿತು. ಆದರೆ ಯಾರೂ ಹಾಡು ನಿಲ್ಲಿಸಲಿಲ್ಲ. ಅವಳ ಮಗ್ಗುಲಿನ ಹೆಂಗಸು ಬೆನ್ನ ಮೇಲೆ ಕೈಯಿಟ್ಟು, ಅವ್ವ ಬಿಟ್ಟ ಸಾಲನ್ನು ಇನ್ನಷ್ಟು ಗಟ್ಟಿಯಾಗಿ ಹಾಡಿದಳು.

ಅಪ್ಪ ಬಾಯಿ ಬಿಗಿದು ನಿಂತಿದ್ದ. ಅಜ್ಜ ಅವನ ತೋಳು ತಟ್ಟಿದ. ಅಜ್ಜನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ, ಅದಕ್ಕೇ ಎಲ್ಲರಿಗೂ ಕೇಳಿಸಿತು.

“ಮಾಸ್ತರ, ನೀವು ಅಂದ್ರ ನಾ ಅಂತೀನ್ರಿ. ನನಗ ಓದಾಕ ಬರಂಗಿಲ್ಲ. ನೀವು ಬರಲಾರದ್ದಕ್ಕ ಐದು ತಿಂಗಳಿಂದ ನಾ ಹಾಡೇ ಇಲ್ರಿ.”

ಅಪ್ಪ ಅವನ ಮುಖವನ್ನೇ ನೋಡಿದ. ಅಷ್ಟು ವರ್ಷ ಆ ಅಜ್ಜ ತನ್ನ ದನಿಯ ಬೆನ್ನು ಹಿಡಿದು, ಅರ್ಧ ಮಾತು ಹಿಂದೆ ಹಾಡುತ್ತಿದ್ದನೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ಆಮೇಲೆ ಬಗ್ಗಿ ಅಜ್ಜನ ಕಿವಿಯಲ್ಲಿ ಮುಂದಿನ ಸಾಲು ಹೇಳಿದ. ಹಾಡಲಿಲ್ಲ, ಶಾಲೆಯಲ್ಲಿ ಪಾಠ ಹೇಳಿದಂತೆ ಹೇಳಿದ. ಅಜ್ಜ ಅದನ್ನು ಹಾಡಿದ, ಅಪಸ್ವರದಲ್ಲಿ, ಮನಸಾರೆ. ಅಪ್ಪ ಇನ್ನೊಂದು ಸಾಲು ಹೇಳಿದ. ಹೀಗೇ ಹೇಳುತ್ತ ಹೇಳುತ್ತ ಯಾವ ಸಾಲಿನಲ್ಲಿ ಅವನ ಮಾತು ಹಾಡಾಯಿತೋ ನನಗೆ ತಿಳಿಯಲಿಲ್ಲ. ಅಕ್ಕ ನನ್ನ ಕೈ ಚಿವುಟಿದಳು. ತಿರುಗಿ ನೋಡಿದರೆ ಅಪ್ಪನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ, ಹಾಡುತ್ತಲೇ ಇದ್ದ.

ಆರಾಧನೆ ಮುಗಿದ ಮೇಲೆ ಎಲ್ಲರ ಬುತ್ತಿಗಳೂ ಬಿಚ್ಚಿಕೊಂಡವು. ಯಾರ ರೊಟ್ಟಿಯನ್ನು ಯಾರು ತಿಂದರೋ! ಅಜ್ಜ ತನ್ನ ಪಾಲಿನ ಬೆಲ್ಲವನ್ನು ಮುರಿದು ನನಗೂ ಅಕ್ಕನಿಗೂ ಕೊಟ್ಟ. ಮರಳಿ ಬರುವಾಗ ಬಸ್ಸಿನಲ್ಲಿ ಅಪ್ಪ ತಮ್ಮನ ಹೆಸರು ಹಿಡಿದು, “ಅವಗ ಇವತ್ತಿನ ಹಾಡು ಭಾಳ ಸೇರ್ತಿತ್ತು, ಅಲ್ಲ?” ಎಂದ. “ಹೌದ್ರಿ, ಚಪ್ಪಾಳಿ ಹೊಡೀತಿದ್ದ,” ಎಂದಳು ಅವ್ವ. ಅಂದಿನಿಂದ ತಮ್ಮನ ಮಾತು ನಮ್ಮ ಮನೆಯಲ್ಲಿ ಮತ್ತೆ ನಡೆಯಿತು.

ಮಕ್ಕಳೇ, ಈಗ ನರಗುಂದದ ಈ ಮನೆಯಲ್ಲಿ ರವಿವಾರ ಬೆಳಿಗ್ಗೆ ನೀವು ಮೊಬೈಲ್ ಹಚ್ಚಿ ಕೊಡುತ್ತೀರಿ. ದೊಡ್ಡ ಊರಿನ ಆರಾಧನೆ ಅದರಲ್ಲಿ ಬರುತ್ತದೆ. ವಾದ್ಯಗಳು ಚಲೋ, ಹಾಡುವವರ ಕಂಠ ಇನ್ನೂ ಚಲೋ, ಒಂದು ಅಪಸ್ವರವೂ ಇಲ್ಲ. ಮಂಡಿ ನೋವಿನ ಮುದುಕಿಗೆ ಅದೂ ಒಂದು ಉಪಕಾರವೇ. ಆದರೂ ಹಾಡು ಮುಗಿದು ಪರದೆ ಕಪ್ಪಾದಾಗ ನನ್ನ ಜೀವ ಆ ಮಣ್ಣಿನ ಮಾಳಿಗೆಯ ಕೋಣೆಗೆ ಹೋಗಿ ಕೂಡುತ್ತದೆ. ಅಲ್ಲಿದ್ದವರಲ್ಲಿ ಈಗ ಉಳಿದವರು ಅಕ್ಕ ಮತ್ತು ನಾನು ಇಬ್ಬರೇ.

ಕಳೆದ ವಾರ ನಿಮ್ಮಲ್ಲಿ ಕಿರಿಯವಳು ಹೇಳಿದಳು, “ಅಜ್ಜಿ, ನಿನ್ನ ಜೋಡಿ ಈಗ ಸಾವಿರಾರು ಮಂದಿ ಕೂಡಿ ಪ್ರಾರ್ಥನೆ ಮಾಡಾಕತ್ತಾರ ನೋಡು.”

ಇರಬಹುದು, ನನ್ನವ್ವಾ. ಆದರೆ ಅದೇ ದಿನ ಮೊಬೈಲಿನ ಪ್ರಾರ್ಥನೆಯ ನಡುವೆ ನನಗೆ ಉಸಿರು ಸಿಕ್ಕಿಕೊಳ್ಳುವಷ್ಟು ಕೆಮ್ಮು ಬಂತು. ಆ ಸಾವಿರ ಮಂದಿಯಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.