‘ಮಾಲ್’ ಎಂದರೂ ತಿರುಗದ ಸುಗಲಮ್ಮ

ಹೈದರಾಬಾದಿನ ನಾರಾಯಣಗೂಡದ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುತ್ತಿರುವ ಜಾಗದ ಹಿಂದೆ, ತಗಡಿನ ಶೆಡ್ಡಿನ ಮುಂದೆ ಪಾತ್ರೆ ತಿಕ್ಕುತ್ತಿರುವ ಕಟ್ಟಡದ ಕೂಲಿ ರೇಣುಕಾ ಇದ್ದಕ್ಕಿದ್ದಂತೆ ಕೂಗುತ್ತಾರೆ: “ಮಾಲ್! ಏ ಮಾಲ್ ಲಾವ್!”

ಕಟ್ಟಡದ ಕೆಲಸದಲ್ಲಿ ಮಾಲ್ ಅಂದರೆ ಕಲಸಿದ ಸಿಮೆಂಟು, ಲಾವ್ ಅಂದರೆ ತಾ. ಆದರೆ ಗೋಡೆ ಕಟ್ಟುವ ಗೌಂಡಿಗಳೆಲ್ಲ ಇನ್ನೂ ಮುಸುಕೆಳೆದು ಮಲಗಿದ್ದಾರೆ. ಮತ್ತೆ ಈ ಕೂಗು ಯಾರಿಗೆ? ಹಳೆಯ ಕಾಂಪೌಂಡ್ ಗೋಡೆಗೆ ಮುಖ ಮಾಡಿ, ಥಾಪಿ ಎಂಬ ಕರಣೆಯಿಂದ ಮಣ್ಣು ಮೆತ್ತುತ್ತಿರುವ ಹೆಂಗಸಿಗೆ. ಆಕೆ ತಿರುಗುವುದೇ ಇಲ್ಲ.

“ಕೇಳಿಸ್ತೋ ಇಲ್ಲೋ?” ರೇಣುಕಾ ಕೆಣಕುತ್ತಾರೆ.

“ಕೇಳಿಸ್ತು. ಅದಕ್ಕ ಸುಮ್ನದೀನಿ,” ಎನ್ನುತ್ತಾರೆ ಸುಗಲಮ್ಮ.

ಗುರುಮಠಕಲ್ ಕಡೆಯ ಸುಗಲಮ್ಮ ಮದುವೆಯಾದ ವರ್ಷವೇ ಹೈದರಾಬಾದಿಗೆ ಬಂದವರು. ಅಂದಿನಿಂದ ಮಾಡಿದ್ದು ಒಂದೇ ಕೆಲಸ: ಮಾಲ್ ಎಂಬ ಕೂಗು ಕಿವಿಗೆ ಬಿದ್ದೊಡನೆ ಬುಟ್ಟಿ ತುಂಬಿ, ತಲೆಮೇಲೆ ಹೊತ್ತು, ಗೌಂಡಿಗೆ ಮುಟ್ಟಿಸುವುದು. ಈಗ ಕುತ್ತಿಗೆ ಕೇಳುತ್ತಿಲ್ಲ. ಇನ್ನು ತಲೆಮೇಲೆ ಭಾರ ಹೊರಬೇಡ ಎಂದು ದವಾಖಾನೆಯಲ್ಲಿ ಹೇಳಿದ್ದಾರೆ. ಹೊರದಿದ್ದರೆ ಈ ಕಟ್ಟಡ ಮುಗಿದ ಮೇಲೆ ಅವರಿಗೆ ಕೆಲಸವಿಲ್ಲ; ಗೋಡೆಗೆ ಸಿಮೆಂಟು ಮೆತ್ತಿ ನುಣುಪು ಮಾಡುವ ಗಿಲಾವು ಕಲಿತರೆ ಇದೆ. ಅವರ ತಂಡದಲ್ಲಿ ಈವರೆಗೆ ಹೆಂಗಸರು ಥಾಪಿ ಹಿಡಿದದ್ದಿಲ್ಲ.

ಹಾಗಾದರೆ ಕಲಿಯುವುದು ಯಾವಾಗ?

“ಒಲಿ ಮ್ಯಾಲ ಚಾ ಇಟ್ಟು ಗ್ವಾಡಿಗೆ ಬರ್ತೀನ್ರಿ. ಅದು ಉಕ್ಕೂತನಾ ಮೆತ್ತೂದು, ಆಮ್ಯಾಲ ಕೆರದು ತಗಿಯೂದು. ಸಿಮಿಟ್ ಮುಟ್ಟಿದ್ರ ಮೇಸ್ತ್ರಿ ಬೈತಾನ. ಮಣ್ಣಿಗ್ಯಾರು ಕೇಳ್ತಾರ?”

ಇನ್ನಷ್ಟು ಹೊತ್ತು ಮಾಡಬಹುದಲ್ಲ ಎಂದರೆ ನಗುತ್ತಾರೆ. “ಒಂದಿನ ಭಾಳ ಮಾಡಿದ್ನೆಂದ್ರ ಮರುದಿನ ಮೈ ಒಲ್ಲೆ ಅಂತೈತ್ರಿ. ಚಾ ಬಿಡಾಕ ಆಗೂದಿಲ್ಲ, ಹಂಗಾಗಿ ಇದೂ ಬಿಟ್ಟಿಲ್ಲ.” ಮಕ್ಕಳ ಹಟಕ್ಕೆ ತಂದ ಸಂಗೀತದ ಕೀಬೋರ್ಡು ತಿಂಗಳೊಳಗೆ ಮಂಚದಡಿ ಸೇರುವ ಮನೆಗಳವರು ನಾವು; ಚಹಾಕ್ಕೆ ಗಂಟು ಹಾಕಿದ ಈ ಕಲಿಕೆ ನಮಗೆ ಹೊಸದು.

ಕಳೆದ ತಿಂಗಳು ಮೇಸ್ತ್ರಿ ಬೂದೆಪ್ಪ ಬಚ್ಚಲುಮನೆಯ ಗೋಡೆಯೊಂದನ್ನು ಕೊಟ್ಟು ನೋಡಿದರು, ಹೇಗೂ ಮೇಲೆ ಟೈಲ್ಸ್ ಬರುತ್ತದೆಂದು. ಅರ್ಧ ಗೋಡೆ ಚೆಂದವಾಗಿಯೇ ಆಗಿತ್ತು. ಅಷ್ಟರಲ್ಲಿ ಆಚೆ ಕೋಣೆಯಿಂದ ಯಾರೋ “ಮಾಲ್” ಎಂದರು. ಸುಗಲಮ್ಮ ಥಾಪಿ ಕೆಳಗಿಟ್ಟು, ಬುಟ್ಟಿ ತುಂಬಿ, ಕೊಟ್ಟು ಬಂದರು! ಬರುವಷ್ಟರಲ್ಲಿ ಗಿಲಾವು ಬಿಗಿದು, ಮುಂದೆ ಮೆತ್ತಿದ್ದಕ್ಕೂ ಅದಕ್ಕೂ ನಡುವೆ ಗೆರೆ ಎದ್ದಿತು.

“ಕೈ ಕಲ್ತೈತಿ. ಕಿವಿ ಇನ್ನಾ ಬುಟ್ಟಿ ಹೊರಾಕತ್ತೈತಿ,” ಎಂದರಂತೆ ಬೂದೆಪ್ಪ.

“ನಾ ಎದ್ದದ್ದ ನನಗ ಗೊತ್ತಾಗಿಲ್ರಿ,” ಎನ್ನುತ್ತಾರೆ ಸುಗಲಮ್ಮ. ಹೊಸದನ್ನು ರೂಢಿ ಮಾಡಿಕೊಂಡದ್ದಾಯಿತು, ಹಳೆಯದನ್ನು ಬಿಡಿಸಿಕೊಳ್ಳುವುದು ಹೇಗೆ? ಅದಕ್ಕೇ ರೇಣುಕಾರ ಬೆಳಗಿನ ಕೂಗು. ಎದುರು ಮನೆಯವರು ಕಿಟಕಿ ತೆರೆದು ತೆಲುಗಿನಲ್ಲಿ ಬೈದದ್ದೂ ಆಗಿದೆ. “ಕಲಿಯಾಕ ಇಕಿ, ಬೈಸ್ಕೊಳ್ಳಾಕ ನಾನು,” ಎಂದು ರೇಣುಕಾ ಗೊಣಗುತ್ತಾರೆ.

ಇವತ್ತು ಎರಡನೇ ಗೋಡೆ. ಮೆಟ್ಟಿಲ ಪಕ್ಕದ್ದು, ಟೈಲ್ಸ್ ಇದನ್ನು ಮುಚ್ಚುವುದಿಲ್ಲ. ಇದೂ ಕೆಟ್ಟರೆ ಮತ್ತೊಂದು ಕೊಡುವುದಿಲ್ಲ ಎಂದು ಬೂದೆಪ್ಪ ಮೊದಲೇ ಹೇಳಿದ್ದಾರೆ. ಸುಗಲಮ್ಮ ಸೆರಗು ಬಿಗಿದು ಶುರುಮಾಡುತ್ತಾರೆ. ಗೋಡೆ ಅರ್ಧವಾಗುವ ಹೊತ್ತಿಗೆ ಮೇಲಿನಿಂದ “ಮಾಲ್!” ಭುಜ ಒಮ್ಮೆ ಹಾರುತ್ತದೆ. ಕೈ ಮಾತ್ರ ನಿಲ್ಲುವುದಿಲ್ಲ.

“ಗೌಂಡೆಮ್ಮಾ, ಮಾಲ್!” ಮೇಲೆ ನಗು.

“ಬೇಕಾದ್ರ ಕೆಳಗಿಳದು ತಗೊಂಡು ಹೋಗಪಾ,” ಎಂದು ಗೋಡೆಗೇ ಹೇಳುವಂತೆ ಹೇಳುತ್ತಾರೆ. ತುಸು ಹೊತ್ತಿಗೆ ಅವರದೇ ಮಾಲ್ ಮುಗಿಯುತ್ತದೆ. ಕೂಗಲು ಬಾಯಿ ಬಾರದು. “ರೇಣುಕಾ, ಒಂದೀಟು ಮಾಲ್ ತರ್ತೀಯೇನವ್ವಾ?”

“ಹಿಂಗ ಮೆಲ್ಲಗ ಕೇಳಿದ್ರ ಮಾಲ್ ಬರೂದಿಲ್ಲ, ಚಾ ಬರ್ತೈತಿ!” ಎನ್ನುತ್ತಲೇ ರೇಣುಕಾ ಬುಟ್ಟಿ ಎತ್ತುತ್ತಾರೆ.

ಮುಗಿದ ಮೇಲೆ ಬೂದೆಪ್ಪ ಉದ್ದನೆಯ ಪಟ್ಟಿಯನ್ನು ಗೋಡೆಗೆ ಒತ್ತಿ, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ನಡುವೆ ಎಲ್ಲೂ ಸಂದಿಯಿಲ್ಲ, ಗೆರೆಯಿಲ್ಲ. ಮೂಲೆಯಲ್ಲಿ ಮಾತ್ರ ಪಟ್ಟಿಯ ಕೆಳಗೆ ಕೂದಲೆಳೆಯಷ್ಟು ಬೆಳಕು.

“ಮೂಲಿ ತುಂಬು. ಆಮ್ಯಾಲ ಮ್ಯಾಲಿನ ಮೆಟ್ಟಲ ಗ್ವಾಡಿ ಹಿಡಿ,” ಎಂದು ಪಟ್ಟಿ ಹೆಗಲಿಗೇರಿಸಿ ನಡೆಯುತ್ತಾರೆ. ಹೊಗಳಿಕೆ ಅಷ್ಟೇ.

ಬಣ್ಣ ಬಿದ್ದ ಮೇಲೆ ಇದು ಯಾರ ಕೈಯದೆಂದು ಯಾರಿಗೂ ತಿಳಿಯುವುದಿಲ್ಲವಲ್ಲ ಎಂದು ಕೇಳಿದರೆ, ಸುಗಲಮ್ಮ ಥಾಪಿ ತೊಳೆಯುತ್ತ ತಲೆಯಾಡಿಸುತ್ತಾರೆ.

“ತಿಳೀಬಾರ್ದ್ರೀ. ವಯಸ್ಸಾದೋರು ಗ್ವಾಡಿ ಹಿಡ್ಕೊಂಡು ಇಲ್ಲಿ ಹತ್ತತಾರ. ಅವರ ಕೈಗೆ ಏನೂ ತಾಗಬಾರ್ದು. ತಾಗಿತಂದ್ರ ಆವಾಗ ಕೇಳ್ತಾರ, ಯಾರು ಮಾಡ್ಯಾರ ಇದನ್ನ ಅಂತ.”